ಹೊನ್ನಪ್ಪನ ಕೆರೆಯ ಮೀನಿನಲ್ಲಿ ಸೀಸ

ಲ್ಯಾಬಿಗೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಹೊಸಹಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು ಲೋಟ ಕೆಳಗಿಡುವ ಮುಂಚೆಯೇ, ನಿಮ್ಮ ಕಾಲದಲ್ಲಿ ಇಂಥ ಯಂತ್ರಗಳೆಲ್ಲ ಇರಲಿಲ್ಲ, ಹೇಗೆ ಮೇಡಂ ಮಾಡ್ತಿದ್ರಿ ಎಂದು ಕೇಳುತ್ತಾರೆ. ಆ 'ನಿಮ್ಮ ಕಾಲ' ಎನ್ನುವ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೇನು ಎತ್ತಿನ ಗಾಡಿ ಕಾಲದವಳಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಕೇಳಿದ್ದಕ್ಕೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು, ಯಾರು ತಪ್ಪಿಸಿದರು ಎಂಬ ಪುರಾಣ ಇಲ್ಲಿಲ್ಲ. ಅದನ್ನು ನೆನೆಸಿಕೊಂಡರೆ ಬಿಪಿ ಏರುತ್ತದೆ, ಮಾತ್ರೆ ನುಂಗಬೇಕಾಗುತ್ತದೆ.

ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿದ್ದ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ಸುತ್ತಮುತ್ತಲ ಕೆರೆಗಳಲ್ಲಿ ಸಾಕಿದ ಮೀನು ಬರುತ್ತಿತ್ತು, ಅದರೊಳಗೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮುಂತಾದ ಲೋಹ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಮೀನನ್ನು ಸೀಳಿ ಮಾಂಸ, ಕಿವಿರು, ಲಿವರ್, ಕಿಡ್ನಿ ಬೇರೆ ಬೇರೆ ಮಾಡಬೇಕು. ಒಣಗಿಸಬೇಕು. ಆಸಿಡ್ಡಿನಲ್ಲಿ ಹಾಕಿ ಬಿಸಿ ಮಾಡಿ, ಕಂದು ಹೊಗೆಯೆಲ್ಲ ಹೋಗಿ ತಿಳಿನೀರಿನಂತೆ ಆಗುವವರೆಗೆ ಕಾಯಬೇಕು. ಆಮೇಲೆ ಆ ನೀರನ್ನು ಯಂತ್ರದ ಉರಿಗೆ ಊದಬೇಕು. ಒಂದೊಂದು ಲೋಹಕ್ಕೂ ಒಂದೊಂದು ದೀಪ. ಸೀಸದ ದೀಪ ಹಾಕಿದರೆ ಸೀಸ ಮಾತ್ರ ಕಾಣುತ್ತದೆ, ಪಕ್ಕದಲ್ಲೇ ಕ್ಯಾಡ್ಮಿಯಂ ಕೂತಿದ್ದರೂ ಯಂತ್ರಕ್ಕೆ ಅದರ ಪರಿವೆಯೇ ಇರುವುದಿಲ್ಲ. ಈಗ ನಿಮ್ಮ ಯಂತ್ರ ಎಲ್ಲವನ್ನೂ ಒಟ್ಟಿಗೇ ಅಳೆದು ಬಿಸಾಕುತ್ತದೆ, ಸಂತೋಷ. ಆದರೆ ದೀಪ ಬದಲಿಸುವಾಗ ನಮಗೆ ಯೋಚನೆ ಮಾಡಲು ಸ್ವಲ್ಪ ಪುರುಸೊತ್ತು ಸಿಗುತ್ತಿತ್ತು.

ನಮ್ಮದು ಮೀನು ತಿನ್ನುವ ಮನೆ. ಲ್ಯಾಬಿನಲ್ಲಿ ಮಾತ್ರ ನನ್ನ ಮೇಲಿನವರೆಲ್ಲ ಸಸ್ಯಾಹಾರಿಗಳು. ನಮ್ಮ ಮುಖ್ಯಸ್ಥರು ರಂಗಸ್ವಾಮಿ ಸಾರ್, ಲೆಕ್ಕದಲ್ಲಿ ಹುಲಿ, ಮನುಷ್ಯರೂ ಒಳ್ಳೆಯವರೇ. ಆದರೆ ಮೀನು ಸೀಳುವ ಕೋಣೆಗೆ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡೇ ಬರುತ್ತಿದ್ದರು, ಅದೂ ಬಾಗಿಲ ತನಕ. ಏನಾದರೂ ಕೇಳಬೇಕಾದರೆ ಅಲ್ಲಿಂದಲೇ ಮೂಗಿನಲ್ಲಿ ಮಾತಾಡುತ್ತಿದ್ದರು. ನಾನು ಬೇಕೆಂದೇ ಮೆತ್ತಗೆ ಉತ್ತರ ಕೊಡುತ್ತಿದ್ದೆ, ಕೇಳಿಸದೆ ಒಂದೆರಡು ಹೆಜ್ಜೆ ಒಳಗೆ ಬರಲಿ ಎಂದು. ಒಂದು ಸಲವೂ ಬರಲಿಲ್ಲ.

ಹೊಸಬರು ಮೊದಲು ತಿಳಿಯಬೇಕಾದ ಒಂದು ಸಂಗತಿ ಇದೆ. ಒಂದು ವರ್ಷ ಮೊದಲ ಮಳೆ ಬಿದ್ದ ಮಾರನೇ ದಿನ ನಮ್ಮ ಕಡೆಯ ಒಂದು ಕೆರೆಯಲ್ಲಿ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಟಿವಿಯವರು ಮೈಕು ಹಿಡಿದು ಲ್ಯಾಬಿನ ಬಾಗಿಲಿಗೇ ಬಂದರು. ಯಾವ ಫ್ಯಾಕ್ಟರಿಯ ಯಾವ ವಿಷ ಹೇಳಿ ಎಂದು ದುಂಬಾಲು ಬಿದ್ದರು. ವಿಷವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ, ಮಳೆನೀರಿನ ಜೊತೆ ಊರ ಕೊಳಚೆ ನುಗ್ಗಿ ನೀರಿನಲ್ಲಿ ಗಾಳಿ ಮುಗಿದಿದೆ, ಉಸಿರುಕಟ್ಟಿ ಸತ್ತಿವೆ ಎಂದೆ. ಅವರಿಗೆ ನಿರಾಸೆಯಾಯಿತು. ನಾನು ಹೇಳಿದ್ದನ್ನು ಬಿಟ್ಟು ಕೆರೆಯ ಚಿತ್ರ ಮಾತ್ರ ತೋರಿಸಿದರು.

ನಮ್ಮ ಕೆರೆಗಳಿಗೆ ಸೇರುವ ಅಷ್ಟಿಷ್ಟು ಲೋಹ ಹಾಗೆ ಒಂದೇ ಬೆಳಗ್ಗೆ ಸಾಯಿಸುವುದಿಲ್ಲ. ಅದು ಮೊದಲು ಕಿವಿರಿಗೆ ಹತ್ತುತ್ತದೆ. ಕಿವಿರಿನ ಮೇಲೆ ಲೋಳೆ ಕಟ್ಟುತ್ತದೆ, ನೀರು ಚೆನ್ನಾಗಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಆಮೇಲೆ ಲಿವರಿಗೆ, ಕಿಡ್ನಿಗೆ ಇಳಿದು ಅಲ್ಲಿ ಬಿಡಾರ ಹೂಡುತ್ತದೆ. ಹಾಕಿದ ಮೇವು ಮೈಗೆ ಹತ್ತುವುದಿಲ್ಲ, ತೂಕ ಬರುವುದಿಲ್ಲ, ತತ್ತಿ ಸರಿಯಾಗಿ ಒಡೆಯುವುದಿಲ್ಲ, ಮರಿಗಳಲ್ಲಿ ಕೆಲವಕ್ಕೆ ಬೆನ್ನೇ ಸೊಟ್ಟಗಾಗುತ್ತದೆ. ನಾವು ತಿನ್ನುವ ಮಾಂಸಕ್ಕೆ ಸೀಸ, ಕ್ಯಾಡ್ಮಿಯಂ ಸೇರುವುದು ಎಲ್ಲದಕ್ಕಿಂತ ಕೊನೆಗೆ, ಅದೂ ಕಡಿಮೆ. ಪಾದರಸದ ಚಾಳಿ ಬೇರೆ, ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಮುಂದೆ ಹೇಳುವುದು ತಾನಾಗಿ ಅರ್ಥವಾಗುತ್ತದೆ.

ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಬಲಕ್ಕೆ ಇಳಿದರೆ ಆಗ ಒಂದು ಕೆರೆ ಇತ್ತು. ಹೊನ್ನಪ್ಪ ಎಂಬವರು ಅದನ್ನು ಗುತ್ತಿಗೆಗೆ ಹಿಡಿದು ಕಾಟ್ಲಾ, ರೋಹು ಸಾಕುತ್ತಿದ್ದರು. ತಾತನ ಕಾಲದಿಂದ ಬಲೆ ಬೀಸಿದ ಮನೆತನ. ಭಾನುವಾರ ಅವರ ಹೆಂಡತಿ ಗೌರಮ್ಮ ಕೆರೆ ಏರಿಯ ಮೇಲೆ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದರು. ರಾಜರಾಜೇಶ್ವರಿನಗರದ ಹೊಸ ಬಡಾವಣೆಗಳ ಜನ ಸ್ಕೂಟರಿನಲ್ಲಿ ಬಂದು ಜೀವಂತ ಮೀನು ತೂಗಿಸಿಕೊಂಡು ಹೋಗುತ್ತಿದ್ದರು. ಕೆರೆಯ ಮೇಲುಗಡೆ ಆಗಷ್ಟೇ ಒಂದಿಷ್ಟು ಶೆಡ್ಡುಗಳು ಎದ್ದಿದ್ದವು, ನಟ್ಟು ಬೋಲ್ಟುಗಳಿಗೆ ಲೋಹದ ಲೇಪ ಕೊಡುವ ಪ್ಲೇಟಿಂಗ್ ಕೆಲಸ. ಕೆರೆ ನೀರಿನ ಬಣ್ಣ ಸರಿಯಿಲ್ಲ, ಮೀನಿನಲ್ಲಿ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸಿ ಎಂದು ಯಾರೋ ಅರ್ಜಿ ಕೊಟ್ಟರು.

ನಮ್ಮ ಫೀಲ್ಡ್ ಇನ್‌ಸ್ಪೆಕ್ಟರ್ ಪ್ರಭಾಕರ ಹೋಗಿ ಸ್ಯಾಂಪಲ್ ತಂದ. ನಾನು ಆ ವಾರ ನಾದಿನಿಯ ಮಗಳ ಮದುವೆಗೆಂದು ರಜೆಯಲ್ಲಿದ್ದೆ. ನೀರು ಪರೀಕ್ಷೆಯ ವಿಭಾಗದವರೊಬ್ಬರು ನನ್ನ ಬದಲಿಗೆ ಪರೀಕ್ಷೆ ಮಾಡಿದರು. ಮಾಂಸದಲ್ಲಿ ಸೀಸ ಮಿತಿ ಮೀರಿದೆ ಎಂದು ಬಂತು. ರಂಗಸ್ವಾಮಿ ಸಾರ್ ಗಾಬರಿಯಾಗಿ ಮೇಲಿನ ಕಚೇರಿಗೆ ಫ್ಯಾಕ್ಸ್ ಮಾಡಿಯೂ ಬಿಟ್ಟರು. ಅಲ್ಲಿಂದ ಅಷ್ಟೇ ವೇಗದಲ್ಲಿ ತೀರ್ಮಾನವಾಯಿತು: ಕೆರೆಯ ಮೀನನ್ನೆಲ್ಲ ಹಿಡಿದು, ಸುಣ್ಣ ಸುರಿದು ಹೂಳುವುದು, ಹೊನ್ನಪ್ಪನ ಗುತ್ತಿಗೆ ರದ್ದು ಮಾಡುವುದು. ಲ್ಯಾಬಿನಿಂದ ಸಹಿಯಾದ ಅಂತಿಮ ವರದಿ ಹೋಗುವುದೊಂದೇ ಬಾಕಿ. ನಾನು ರಜೆ ಮುಗಿಸಿ ಬಂದಾಗ ಎರಡನೇ ಸಹಿಗೆಂದು ಫೈಲು ನನ್ನ ಮೇಜಿನ ಮೇಲಿತ್ತು.

ಓದಿದೆ. ಮಾಂಸದಲ್ಲಿ ಸೀಸ ಸಿಕ್ಕಾಪಟ್ಟೆ, ಲಿವರಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ನನಗೆ ತಲೆ ಕೆಟ್ಟಿತು. ಮನೆಗೆ ನುಗ್ಗಿದ ಕಳ್ಳ ಅಂಗಳ ತುಳಿಯದೆ, ಹಜಾರ ದಾಟದೆ ನೇರ ದೇವರ ಮನೆಯಲ್ಲಿ ಕೂತಿದ್ದಾನೆ ಎಂದರೆ ನಂಬುವುದು ಹೇಗೆ? ಫೈಲು ಹಿಡಿದು ಸಾರ್ ಕೋಣೆಗೆ ಹೋಗಿ ಸಹಿ ಮಾಡುವುದಿಲ್ಲ ಎಂದೆ.

“ಏನ್ರೀ ಸರೋಜಮ್ಮ, ಯಂತ್ರ ಸುಳ್ಳು ಹೇಳುತ್ತಾ?” ಎಂದರು.

“ಯಂತ್ರ ಸುಳ್ಳು ಹೇಳಲ್ಲ ಸಾರ್. ಮೀನು ಹೀಗಿರಲ್ಲ ಅಷ್ಟೇ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಲಿನವರು ಒತ್ತಡ ಹಾಕುತ್ತಿದ್ದಾರೆ, ವಾರದ ಕೊನೆಯೊಳಗೆ ಏನಾದರೂ ಒಂದು ಹೇಳಿ ಎಂದರು. ಅಷ್ಟು ಬಿಟ್ಟುಕೊಟ್ಟಿದ್ದೇ ದೊಡ್ಡದು. ಬೇರೆ ಮುಖ್ಯಸ್ಥರಾಗಿದ್ದರೆ ನನ್ನ ಸಹಿಯನ್ನೇ ಪಕ್ಕಕ್ಕಿಟ್ಟು ಕಳಿಸುತ್ತಿದ್ದರು.

ಫ್ರೀಜರಿನಲ್ಲಿ ಉಳಿದಿದ್ದ ಮಾಂಸದ ತುಂಡುಗಳನ್ನು ತೆಗೆದು ಕರಗಲು ಬಿಟ್ಟೆ. ಮಂಜು ಇಳಿದ ಮೇಲೆ ನೋಡಿದರೆ ತುಂಡಿನ ಅಂಚೆಲ್ಲ ತಿಳಿ ಹಳದಿ. ಮೂಗಿನ ಹತ್ತಿರ ಹಿಡಿದೆ. ನಮ್ಮ ಅಡುಗೆಮನೆಯ ವಾಸನೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರೋ ಪುಣ್ಯಾತ್ಮರು ಉಪ್ಪು, ಅರಿಶಿನ ಹಚ್ಚಿ ತಿಕ್ಕಿ ತೊಳೆದಿದ್ದಾರೆ, ಸಾರಿಗೆ ಹಾಕುವ ಮುಂಚೆ ಮಾಡುವ ಹಾಗೆ. ಮೀನು ತಿನ್ನುವ ಮನೆಯ ಯಾರಿಗೆ ತೋರಿಸಿದರೂ ಹೇಳಿಬಿಡುತ್ತಿದ್ದರು. ಆದರೆ ಅದನ್ನು ತಂದ ಪ್ರಭಾಕರ ಸಸ್ಯಾಹಾರಿ, ಆ ವಾರ ಪರೀಕ್ಷೆ ಮಾಡಿದವರು ಸಸ್ಯಾಹಾರಿ, ಸಾರ್ ಅಂತೂ ಬಾಗಿಲಾಚೆ. ಮೀನಿನ ಮಾಂಸ ಇರುವುದೇ ಹಳದಿ ಎಂದುಕೊಂಡಿದ್ದರಂತೆ. ಇಡೀ ಲ್ಯಾಬು ಸೇರಿ ಒಬ್ಬ ಮನುಷ್ಯನ ಬದುಕಿಗೆ ಮಣ್ಣು ಹಾಕಲು ಹೊರಟಿದ್ದು ಹೀಗೆ.

ಪ್ರಭಾಕರನನ್ನು ಕರೆದು ವಿಚಾರಿಸಿದೆ. ಮೀನು ಸೀಳುವುದನ್ನು ನೋಡಲಾರದೆ ಅವನು ಕೆರೆ ಹತ್ತಿರವೇ ಕ್ಲೀನ್ ಮಾಡಿಸಿಕೊಂಡು ಬಂದಿದ್ದ. ಭರ್ತಿ ಮಾಡಬೇಕಾದ ಫಾರಮ್ಮಿನಲ್ಲಿ ಮಾಂಸ ಮತ್ತು ಲಿವರ್ ಎಂದು ಇದ್ದುದರಿಂದ ಲಿವರ್ ಬೇರೆ ಕೊಡಿ ಎಂದಿದ್ದ. ಎಷ್ಟು ನೀಟಾಗಿ ಪ್ಯಾಕ್ ಮಾಡಿ ಕೊಟ್ಟರು ಗೊತ್ತಾ ಮೇಡಂ ಎಂದು ನನಗೇ ಹೇಳಿದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಕೈ ಕಟ್ಟಿಕೊಂಡು ಕೂತೆ.

ಅರಿಶಿನ ಹಚ್ಚಿದ್ದು ಸರಿ, ಸೀಸ ಎಲ್ಲಿಂದ ಬರಬೇಕು? ದೀಪ ಬದಲಿಸಿ ಅದೇ ಮಾಂಸದಲ್ಲಿ ಕ್ರೋಮಿಯಂ ನೋಡಿದೆ. ಅದೂ ಜೋರಾಗಿಯೇ ಇತ್ತು. ಸಾರ್‌ಗೆ ತೋರಿಸಿದರೆ, ಹಾಗಾದರೆ ಶೆಡ್ಡುಗಳದ್ದೇ ಕಿತಾಪತಿ ಎಂದರು. ನನಗೆ ಬೇರೆ ಅನುಮಾನ. ಬಿಡಿಯಾಗಿ ಮಾರುವ ಅರಿಶಿನ ಫಳಫಳ ಹೊಳೆಯಲಿ ಎಂದು ಕೆಲವರು ಒಂದು ಹಳದಿ ಬಣ್ಣ ಬೆರೆಸುತ್ತಾರೆ. ಸೀಸ ಮತ್ತು ಕ್ರೋಮಿಯಂ ಸೇರಿದರೇ ಆ ಬಣ್ಣ. ಎರಡೂ ಜೋಡಿಯಾಗಿ ಬಂದಿವೆ, ಲಿವರನ್ನು ಮುಟ್ಟಿಲ್ಲ. ಮಾರನೇ ದಿನ ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೆಂಗೇರಿ ಬಸ್ ಹತ್ತಿದೆ.

ಗೌರಮ್ಮ ಏರಿಯ ಮೇಲೆ ಬಲೆ ಹೊಲಿಯುತ್ತಿದ್ದರು. ನಾನು ಲ್ಯಾಬಿನವಳು ಎಂದ ಕೂಡಲೇ ಮುಖ ಬಾಡಿತು. ಕುಡಿಯಲು ನೀರು ಕೊಟ್ಟರು, ಮಾತು ಕೊಡಲಿಲ್ಲ. ಅರಿಶಿನದ ವಿಷಯ ಎತ್ತಿದ ಮೇಲೆ ಬಾಯಿ ಬಿಟ್ಟರು.

“ಸ್ಯಾಂಪಲ್ ಅಂದ್ರೆ ಸಾಹೇಬ್ರ ಮನೇಗೆ ಅಲ್ವಾಮ್ಮ? ಇಷ್ಟು ವರ್ಷ ಯಾರ್ ಬಂದ್ರೂ ಸ್ಯಾಂಪಲ್ ಅಂತಾನೇ ತಗೊಂಡ್ ಹೋಗಿರೋದು. ಆಯಪ್ಪನ್ನ ನೋಡುದ್ರೆ ಮೀನಿನ್ ಪೊರೆ ತೆಗ್ಯೋರ್ ತರ ಕಾಣ್ಲಿಲ್ಲ. ಪಾಪ, ಮನೇಲಿ ಕಷ್ಟ ಆಗ್ಬಾರ್ದು ಅಂತ ಉಪ್ಪು ಅರಿಶಿನ ಹಚ್ಚಿ, ಸಾರಿಗೆ ಹಾಕೋದೊಂದೇ ಬಾಕಿ ಅನ್ನೋ ಹಂಗೆ ಕೊಟ್ಟೆ.”

ಲಿವರಿಗೆ ಯಾಕೆ ಹಚ್ಚಲಿಲ್ಲ ಎಂದು ಕೇಳಿದೆ. ತಿಕ್ಕಿದರೆ ಒಡೆದುಹೋಗುತ್ತದೆ, ಸಾಹೇಬರು ಅದನ್ನು ಬೇರೆ ಕೇಳಿದ್ದರಿಂದ ಹುರಿದು ತಿನ್ನಲು ಇಷ್ಟ ಎಂದುಕೊಂಡು ಜೋಪಾನವಾಗಿ ಕಟ್ಟಿದೆ ಎಂದರು. ಆಯಮ್ಮ ತೋರಿಸಿದ ಮರ್ಯಾದೆಯೇ ಅವರ ಕುತ್ತಿಗೆಗೆ ಬಂದಿತ್ತು. ತಪ್ಪು ಅವರದ್ದಲ್ಲ. ಸ್ಯಾಂಪಲ್ ಎಂಬ ಮಾತಿಗೆ ಆ ಅರ್ಥ ಕಲಿಸಿದವರು ನಮ್ಮಂಥ ಕಚೇರಿಗಳವರೇ, ಜೀಪಿನ ಹಿಂದೆ ದೊಡ್ಡ ಕಾಟ್ಲಾ ಹಾಕಿಸಿಕೊಂಡು ಹೋದವರು.

ಡಬ್ಬದಲ್ಲಿದ್ದ ಅರಿಶಿನ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಹೊನ್ನಪ್ಪ ತೆಪ್ಪದಲ್ಲಿ ಹೋಗಿ ಕೆರೆಯ ಬೇರೆ ಬೇರೆ ಕಡೆ ಬಲೆ ಹಾಕಿ ಮೀನು ಹಿಡಿದುಕೊಟ್ಟರು. ಇಡೀ ಮೀನು, ಯಾರೂ ಕೈ ಹಚ್ಚದಂತೆ ನಾನೇ ಐಸಿನಲ್ಲಿಟ್ಟೆ. ಹೊರಡುವಾಗ ಹೊನ್ನಪ್ಪ ಒಂದು ಮಾತು ಹೇಳಿದರು: ಈ ಸಲ ಮೀನು ಯಾಕೋ ಬೆಳೆಯುತ್ತಿಲ್ಲ, ಬೆಳಗ್ಗೆ ಹೊತ್ತು ಮೇಲೆ ಬಂದು ಬಾಯಿ ಬಿಡುತ್ತವೆ. ಅದು ನನ್ನ ಕಿವಿಯಲ್ಲೇ ಉಳಿಯಿತು.

ಅರಿಶಿನದ ಫಲಿತಾಂಶ ನೋಡಿ ನಾನೇ ಬೆಚ್ಚಿಬಿದ್ದೆ. ಯಂತ್ರದ ಮುಳ್ಳು ಕೊನೆಗೆ ಹೋಗಿ ಹೊಡೆಯಿತು. ನೀರು ಬೆರೆಸಿ, ಮತ್ತೆ ಬೆರೆಸಿ ತೆಳ್ಳಗೆ ಮಾಡಿದ ಮೇಲೆ ಅಳತೆಗೆ ಸಿಕ್ಕಿತು, ಅಷ್ಟು ಸೀಸ. ಪೊಟ್ಟಣವನ್ನು ಆಹಾರ ಕಲಬೆರಕೆ ನೋಡುವ ವಿಭಾಗಕ್ಕೆ ಕಳಿಸಿ, ಆ ಡಬ್ಬ ಚೆಲ್ಲಿ ಎಂದು ಗೌರಮ್ಮನಿಗೆ ಹೇಳಿ ಕಳಿಸಿದೆ. ನಾನು ತಂದ ಮೀನಿನಲ್ಲಿ ಸೀಸ ಮಾಂಸದಲ್ಲೂ ಇಲ್ಲ, ಲಿವರಿನಲ್ಲೂ ಇಲ್ಲ, ಕಿವಿರಿನಲ್ಲೂ ಇಲ್ಲ. ಗೆದ್ದೆ ಎಂದುಕೊಂಡೆ. ಕುಣಿಯುವಷ್ಟು ಖುಷಿಯಾಗಿತ್ತು, ನಿಜ ಹೇಳುತ್ತೇನೆ.

ಆದರೆ ಸೀಳುವಾಗ ಕಣ್ಣಿಗೆ ಬಿದ್ದದ್ದನ್ನು ಎಲ್ಲಿ ಬಿಸಾಕಲಿ? ಕಿವಿರು ಕೆಂಪಗಿರಬೇಕಾದಲ್ಲಿ ಬಿಳಿಚಿಕೊಂಡಿತ್ತು, ಮೇಲೆ ಲೋಳೆ. ಕಿಡ್ನಿ ಊದಿತ್ತು. ಮೀನಿನ ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಕ್ಯಾಡ್ಮಿಯಂ ದೀಪ ಹಾಕಿದೆ. ಮಾಂಸ ಚೊಕ್ಕ. ಲಿವರಿನಲ್ಲಿ ಸ್ವಲ್ಪ. ಕಿವಿರಿನಲ್ಲಿ, ಕಿಡ್ನಿಯಲ್ಲಿ ಮಾತ್ರ ಇರಬಾರದಷ್ಟು ಇತ್ತು. ಶೆಡ್ಡುಗಳಿಂದ ಕೆರೆಗೆ ಹೊಸದಾಗಿ ತೋಡಿದ್ದ ಚರಂಡಿಯ ನೀರನ್ನು ತರಿಸಿ ನೋಡಿದೆ, ಅದರಲ್ಲೂ ಅದೇ. ಗುಡ್ಡದ ಕಡೆಯ ಹಳೇ ಕಾಲುವೆಯ ನೀರು ಮಾತ್ರ ಚೊಕ್ಕವಾಗಿತ್ತು. ಕಳ್ಳ ಆಗಷ್ಟೇ ಅಂಗಳಕ್ಕೆ ಕಾಲಿಟ್ಟಿದ್ದ.

ರಂಗಸ್ವಾಮಿ ಸಾರ್ ಸೀಸದ ವಿಷಯ ಕೇಳಿ ನಿಟ್ಟುಸಿರು ಬಿಟ್ಟರು. ಸೀಸ ಇಲ್ಲ ಎಂದು ಬರೆದು ಮುಗಿಸಿಬಿಡಿ, ಕ್ಯಾಡ್ಮಿಯಂ ಯಾರೂ ಕೇಳಿಲ್ಲ, ಮೊದಲೇ ಫ್ಯಾಕ್ಸ್ ಕಳಿಸಿ ಮುಖ ಕೆಡಿಸಿಕೊಂಡಿದ್ದೇವೆ ಎಂದರು. ನನಗೂ ಹಾಗೇ ಬರೆದರೆ ಹೊನ್ನಪ್ಪನಿಗೆ ಒಳ್ಳೆಯದು ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಅದು ಒಳ್ಳೆಯದಲ್ಲ.

“ಈಗ ಬಿಟ್ರೆ ಒಂದೆರಡು ವರ್ಷದಲ್ಲಿ ಮಾಂಸಕ್ಕೂ ಇಳಿಯುತ್ತೆ ಸಾರ್. ಆಗ ಹೂಳೋಕೆ ಹೇಳೋರು ನಾವೇ. ಎರಡನ್ನೂ ಬರೀತೀನಿ. ಬೇಡ ಅಂದ್ರೆ ನನ್ನ ಸಹಿ ಇಲ್ಲ.”

ಅವರು ಫೈಲು ಮುಚ್ಚಿಟ್ಟರು. ಆಮೇಲೆ ಎದ್ದು ಬಂದು, ನೀಲಗಿರಿ ಕರ್ಚೀಫಿಲ್ಲದೆ, ಸೀಳುವ ಕೋಣೆಯೊಳಗೇ ಬಂದು ಕಿವಿರು ತೋರಿಸಿ ಎಂದರು. ತೋರಿಸಿದೆ. ಒಳ್ಳೆಯ ಮೀನಿನ ಕಿವಿರನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. ನೋಡಿದರು, ಹೊರಗೆ ಹೋಗಿ ನೀರು ಕುಡಿದರು, ವಾಪಸ್ ಬಂದು ನನಗಿಂತ ಮೊದಲೇ ಸಹಿ ಹಾಕಿದರು. ಮೇಲಿನ ಕಚೇರಿಗೆ ತಾವೇ ಫೋನು ಮಾಡಿ ನಮ್ಮ ಮೊದಲ ಫಲಿತಾಂಶ ತಪ್ಪು ಎಂದರು. ಆ ವಾಕ್ಯ ಬಾಯಲ್ಲಿ ಬರುವ ಅಧಿಕಾರಿ ಸಿಕ್ಕರೆ ಅವರ ಕೈಕೆಳಗೆ ಎಷ್ಟು ವರ್ಷ ಬೇಕಾದರೂ ದುಡಿಯಿರಿ.

ಫೋನಿನಲ್ಲಿ ಸರಿ ಎಂದರು, ಆದರೆ ಸಹಿಯಾದ ವರದಿಗೂ ಕಾಯದೆ, ಫ್ಯಾಕ್ಸ್ ನಂಬಿಕೊಂಡು ಕೆಳಗಿನವರಿಗೆ ಆಗಲೇ ಹುಕುಂ ಹೋಗಿಬಿಟ್ಟಿತ್ತು. ನಾನೂ ಪ್ರಭಾಕರನೂ ವರದಿ ಹಿಡಿದು ಜೀಪಿನಲ್ಲಿ ಓಡಿದೆವು. ಕೆರೆ ತಲುಪುವಷ್ಟರಲ್ಲಿ ಜೆಸಿಬಿ ಬಂದು ಏರಿಯ ಆಚೆ ದೊಡ್ಡ ಗುಂಡಿ ತೋಡಿಯಾಗಿತ್ತು. ಸುಣ್ಣದ ಮೂಟೆಗಳು ಸಾಲಾಗಿದ್ದವು. ಬಲೆಯಲ್ಲಿ ಮೊದಲ ರಾಶಿ ಮೀನು ಒದ್ದಾಡುತ್ತಿತ್ತು. ಹೊನ್ನಪ್ಪ ಕೆರೆಗೆ ಬೆನ್ನು ಹಾಕಿ ಕೂತಿದ್ದರು.

ಪ್ರಭಾಕರ ಅಲ್ಲಿದ್ದ ಸಿಬ್ಬಂದಿಗೆ ವರದಿ ಓದಿ ಹೇಳಿದ, ಮೇಲಿನವರಿಗೆ ಫೋನು ಹಾಕಿಕೊಟ್ಟ. ಕೆಲಸ ನಿಂತಿತು. ಹೊನ್ನಪ್ಪ ಎದ್ದು ಬಂದು ನನ್ನ ಕಾಲಿಗೆ ಬಗ್ಗಿದರು. ತಡೆದು, ಇನ್ನರ್ಧ ಕೇಳಿ ಎಂದೆ. ಮಾಂಸ ಶುದ್ಧವಾಗಿದೆ, ತಲೆ ಮತ್ತು ಒಳಗಿನದ್ದು ತೆಗೆದು ಮಾರಬಹುದು, ಆದರೆ ಚರಂಡಿ ನೀರಿನಿಂದ ಮೀನಿಗೆ ಆಗಲೇ ವಿಷ ಹತ್ತಿದೆ, ಹೊಸ ಮರಿ ಈ ನೀರಿಗೆ ಬಿಡಬೇಡಿ ಎಂದೆ. ಅವರ ಮುಖ ಕಪ್ಪಿಟ್ಟಿತು.

“ಒಂದ್ ಕೈಲಿ ಕೊಟ್ಟು ಇನ್ನೊಂದ್ ಕೈಲಿ ಕಿತ್ಕೊಂಡ್ರಲ್ಲ ಮೇಡಂ,” ಎಂದರು.

ನಾನು ಚರಂಡಿಯ ಕಡೆ ಕೈ ತೋರಿಸಿದೆ. ಗುಡ್ಡದ ಕಡೆಯಿಂದ ಬರುವ ಹಳೇ ಕಾಲುವೆಯ ನೀರು ಚೆನ್ನಾಗಿದೆ, ಕೆಡಿಸುತ್ತಿರುವುದು ಶೆಡ್ಡುಗಳವರು ಯಾರನ್ನೂ ಕೇಳದೆ ತೋಡಿದ ಚರಂಡಿ ಮಾತ್ರ, ಅದು ನಿಂತರೆ ಕೆರೆ ಉಳಿಯುತ್ತದೆ ಎಂದೆ. ಗೌರಮ್ಮ ಗಂಡನ ಮುಖ ನೋಡಿದರು, ಆಮೇಲೆ ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆ ನೋಡಿದರು. ಹೊನ್ನಪ್ಪ ಜೆಸಿಬಿಯವನ ಹತ್ತಿರ ಹೋಗಿ, ತೋಡಿದ ಮಣ್ಣನ್ನು ಆ ಚರಂಡಿಗೆ ಸುರಿಯಪ್ಪ ಎಂದರು. ಅವನು ನಮ್ಮ ಕಡೆ ತಿರುಗಿದ. ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡು ಬಂದಿದ್ದ ಪ್ರಭಾಕರ, ಸುರೀರಿ, ಪರವಾನಗಿ ಇಲ್ಲದ ಚರಂಡಿ ಅಂತ ನಾನೇ ಬರೆದುಕೊಡುತ್ತೇನೆ ಎಂದ. ಅವತ್ತು ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಮೀನು ಹೂಳಲೆಂದು ತೋಡಿದ ಮಣ್ಣು ಚರಂಡಿಯ ಬಾಯಿಗೆ ಬಿತ್ತು. ಹೊನ್ನಪ್ಪ ಹತ್ತಿ ನಿಂತು ಕಾಲಿನಲ್ಲಿ ತುಳಿದು ಗಟ್ಟಿ ಮಾಡಿದರು. ನಾವೆಲ್ಲ ಸೇರಿ ಬಲೆ ಬಿಚ್ಚಿ ಮೀನನ್ನು ಮತ್ತೆ ನೀರಿಗೆ ಬಿಡುವ ಹೊತ್ತಿಗೆ ಚರಂಡಿಯ ಕಪ್ಪು ನೀರು ದಾರಿ ಕಾಣದೆ ಹಿಂದಕ್ಕೆ ತುಂಬಿ, ತಾನು ಹೊರಟ ಶೆಡ್ಡುಗಳ ಅಂಗಳಕ್ಕೇ ನುಗ್ಗಿತ್ತು. ಪ್ಯಾಂಟನ್ನು ಮೊಣಕಾಲಿಗೇರಿಸಿಕೊಂಡು ಮಾಲೀಕರೊಬ್ಬರು ಏದುಸಿರು ಬಿಡುತ್ತಾ ಓಡಿ ಬಂದರು. ಯಾರ್ರೀ ಇದನ್ನ ಮುಚ್ಚಿಸಿದ್ದು, ಯಾರು ಹೇಳಿದ್ದು ಎಂದು ಕೂಗಾಡಿದರು. ಹೊನ್ನಪ್ಪ ಬಾಯಿ ತೆರೆಯುವ ಮುಂಚೆ ನಾನು ಸೆರಗು ಸಿಕ್ಕಿಸಿಕೊಂಡು ಏರಿಯ ಮೇಲೆ ಮುಂದೆ ಬಂದು ನಿಂತೆ.

“ನಾನು,” ಎಂದೆ.